ಇರುವ ದುಡ್ಡು ಇಷ್ಟೇ ಅಂದರೆ ಮೊದಲು ಯಾವುದಕ್ಕೆ: ಕಟ್ಟಡಕ್ಕೋ, ಸಿಬ್ಬಂದಿಗೋ, ರೋಗಿಗೋ?

ಹೊಸಹೆಜ್ಜೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾರ್ವಜನಿಕ ಆಡಳಿತ ಓದುತ್ತಿದ್ದೇನೆ, ಈ ಸಲ ಆರೋಗ್ಯ ನೀತಿ ನಮಗೊಂದು ವಿಷಯ. ತರಗತಿಯಲ್ಲಿ ಕೊಟ್ಟ ಒಂದು ಸಮಸ್ಯೆ ಬಿಡಿಸಲು ಆಗದೆ ಒದ್ದಾಡುತ್ತಿದ್ದೇನೆ. ಒಂದು ಪ್ರದೇಶ ಇದೆ. ಜನ ದೂರ ದೂರ ಚದುರಿಕೊಂಡಿದ್ದಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅರ್ಧಕ್ಕರ್ಧ ಹುದ್ದೆ ಖಾಲಿ. ಬಿಪಿ, ಶುಗರ್ ಇರುವವರು ಒಮ್ಮೆ ಬಂದು ಮಾತ್ರೆ ತೆಗೆದುಕೊಂಡು ಹೋದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಐದು ವರ್ಷಕ್ಕೆ ಒಂದಿಷ್ಟು ಹೆಚ್ಚುವರಿ ಹಣ ಸಿಕ್ಕಿದೆ, ಆದರೆ ಅದರಲ್ಲಿ ಒಂದು ಕೆಲಸವನ್ನು ಮಾತ್ರ ನೆಟ್ಟಗೆ ಮಾಡಬಹುದು. ಹೊಸ ಆರೋಗ್ಯ ಕೇಂದ್ರ ಕಟ್ಟುವುದು, ಸಿಬ್ಬಂದಿ ಜಾಸ್ತಿ ಮಾಡುವುದು, ಇಲ್ಲವೇ ರೋಗಿ ಕೇಂದ್ರಿತ ಸುಧಾರಣೆ ಅನ್ನುತ್ತಾರಲ್ಲ, ಅಂದರೆ ಬರುವವರ ಅನುಕೂಲಕ್ಕೆ ತಕ್ಕ ಹಾಗೆ ಸೇವೆ ಕೊಡುವ ರೀತಿಯನ್ನೇ ಬದಲಿಸುವುದು, ಅದು.

ನನ್ನ ಮನಸ್ಸು ಸಿಬ್ಬಂದಿ ಕಡೆಗೇ ವಾಲುತ್ತಿದೆ. 2030ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 1.1 ಕೋಟಿ ಆರೋಗ್ಯ ಕಾರ್ಯಕರ್ತರ ಕೊರತೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಡಾಕ್ಟರೇ ಇಲ್ಲದ ಕಡೆ ರೋಗಿ ಕೇಂದ್ರಿತ ಅಂತ ಬೋರ್ಡು ಹಾಕಿ ಏನು ಬಂತು, ಅಲ್ವಾ? ಆದರೆ ನನ್ನ ಜೊತೆ ಓದುವವಳೊಬ್ಬಳು "ಜನ ಯಾಕೆ ವಾಪಸ್ ಬರುತ್ತಿಲ್ಲ ಅಂತ ಗೊತ್ತಿಲ್ಲದೆ ಡಾಕ್ಟರನ್ನು ಕೂರಿಸಿದರೆ ಅವರೂ ಖಾಲಿ ಕುರ್ಚಿ ನೋಡಿಕೊಂಡು ಕೂತಿರುತ್ತಾರೆ" ಅಂದಳು. ಅದಕ್ಕೆ ನನ್ನ ಬಾಯಿ ಕಟ್ಟಿತು.

ಈ ಕೆಲಸದಲ್ಲಿ ಇರುವವರು, ಓದಿಕೊಂಡವರು, ಆಸ್ಪತ್ರೆ ಅಲೆದು ಸುಸ್ತಾದವರು ಯಾರಾದರೂ ಹೇಳಿ. "ಮೂರೂ ಮುಖ್ಯ" ಅನ್ನುವ ಉತ್ತರ ಮಾತ್ರ ಬೇಡ, ಅದನ್ನು ನಾನೇ ಬರೆದು ಮುಗಿಸಿದ್ದೇನೆ, ಮೇಷ್ಟ್ರು ವಾಪಸ್ ಕೊಟ್ಟರು.

ರಾತ್ರಿಪಾಳಿ ಉತ್ತರಿಸಿದ್ದು:

ನಾನು ನರ್ಸ್. ಸಣ್ಣ ಆರೋಗ್ಯ ಕೇಂದ್ರದಲ್ಲೂ ಇದ್ದೆ, ಈಗ ದೊಡ್ಡ ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಇದ್ದೇನೆ. ನನ್ನ ಓಟು ಸಿಬ್ಬಂದಿಗೇ. ಆದರೆ ನೀವು ಅಂದುಕೊಂಡಿರುವ ರೀತಿಯಲ್ಲಿ ಅಲ್ಲ.

ಹುದ್ದೆ ತುಂಬುವುದು ಸುಲಭ, ತುಂಬಿದವರು ನಿಲ್ಲುವುದು ಕಷ್ಟ. ನೇಮಕಾತಿ ಆದೇಶ ಹೊರಟ ದಿನವೇ ಕಾಗದದಲ್ಲಿ ಹುದ್ದೆ ಭರ್ತಿ ಆಗುತ್ತದೆ. ಆ ಹುಡುಗನೋ ಹುಡುಗಿಯೋ ಬಂದು ನೋಡಿದರೆ ಕ್ವಾರ್ಟರ್ಸ್ ಸೋರುತ್ತಿರುತ್ತದೆ, ಮದುವೆಯಾಗಿದ್ದರೆ ಸಂಗಾತಿಗೆ ಅಲ್ಲಿ ಕೆಲಸ ಇಲ್ಲ, ಮಕ್ಕಳಿಗೆ ಶಾಲೆ ಇಲ್ಲ, ರಾತ್ರಿ ಒಬ್ಬರೇ ಡ್ಯೂಟಿ, ಕೇಸು ಕೈ ಮೀರಿದರೆ ಫೋನ್ ಮಾಡಿ ಕೇಳಲು ಒಬ್ಬ ಹಿರಿಯರೂ ಇಲ್ಲ. ವರ್ಗಾವಣೆ ಅರ್ಜಿ ಬರೆಯದೆ ಇನ್ನೇನು ಮಾಡುತ್ತಾರೆ? ಹೊರಗಿನವರು ಇದನ್ನು ಸೇವಾ ಮನೋಭಾವ ಇಲ್ಲ ಅಂತ ಹೇಳುತ್ತಾರೆ. ಹೇಳುವವರು ಒಂದು ವಾರ ಆ ಕ್ವಾರ್ಟರ್ಸ್‌ನಲ್ಲಿ ಮಲಗಿ ನೋಡಲಿ.

ಇದು ನನ್ನ ಗೊಣಗಾಟ ಅಷ್ಟೇ ಅಲ್ಲ. ದೂರದ ಪ್ರದೇಶಗಳಲ್ಲಿ ಸಿಬ್ಬಂದಿಯನ್ನು ಉಳಿಸಿಕೊಳ್ಳುವುದು ಹೇಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ, 2021ರಲ್ಲಿ ಅದನ್ನು ಪರಿಷ್ಕರಿಸಿದೆ. ಅದರಲ್ಲಿ ಮೊದಲು ಬರುವ ಮಾತೇ ಓದಿನದು. ಹಳ್ಳಿಗಾಡಿನ ಹಿನ್ನೆಲೆಯ ಮಕ್ಕಳನ್ನು ಕೋರ್ಸಿಗೆ ಸೇರಿಸಿಕೊಳ್ಳಿ, ಕಾಲೇಜನ್ನು ದೊಡ್ಡ ಪಟ್ಟಣದಿಂದ ಆಚೆ ಇಡಿ, ಓದುವಾಗಲೇ ಅಂಥ ಕಡೆ ಕೆಲಸ ಮಾಡಿಸಿ ಅನ್ನುತ್ತದೆ. ಆಮೇಲೆ ಮನೆ, ಸುರಕ್ಷತೆ, ಬಡ್ತಿಯ ದಾರಿ, ಹಿರಿಯರ ಬೆಂಬಲ. ಸಂಬಳವೂ ಇದೆ, ಆದರೆ ಸಂಬಳ ಒಂದನ್ನೇ ಏರಿಸಿ ಎಲ್ಲ ಸರಿ ಹೋಗುತ್ತದೆ ಅಂತ ಎಲ್ಲೂ ಹೇಳಿಲ್ಲ.

ಇನ್ನು ನಿಮ್ಮ "ಡಾಕ್ಟರೇ ಇಲ್ಲದ ಕಡೆ" ಅನ್ನುವ ಮಾತಿಗೆ ಮೊಜಾಂಬಿಕ್ ನೋಡಿ. 1984ರಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗ, ಅಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಆಪರೇಷನ್ ಮಾಡುವ ವೈದ್ಯರು ತೀರಾ ಕಡಿಮೆ ಇದ್ದರು. ವೈದ್ಯಕೀಯ ಪದವಿ ಇಲ್ಲದ, ಆದರೆ ಅನುಭವ ಇದ್ದ ಆರೋಗ್ಯ ಸಿಬ್ಬಂದಿಯನ್ನು ಆರಿಸಿ ಮೂರು ವರ್ಷ ತರಬೇತಿ ಕೊಟ್ಟು ಸಿಸೇರಿಯನ್‌ನಂಥ ತುರ್ತು ಆಪರೇಷನ್‌ಗಳಿಗೆ ಸಿದ್ಧ ಮಾಡಿದರು. ಮುಂದೆ ಅವರು ಮಾಡಿದ್ದು ಮತ್ತು ತಜ್ಞ ವೈದ್ಯರು ಮಾಡಿದ್ದು ಸೇರಿ 2,000ಕ್ಕೂ ಹೆಚ್ಚು ಸಿಸೇರಿಯನ್‌ಗಳನ್ನು ಹೋಲಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. ಏಳು ವರ್ಷ ಕಳೆದ ಮೇಲೆ ನೋಡಿದರೆ ಇವರಲ್ಲಿ ಸುಮಾರು ಶೇ. 90 ಮಂದಿ ಇನ್ನೂ ಜಿಲ್ಲಾ ಆಸ್ಪತ್ರೆಗಳಲ್ಲೇ ಇದ್ದರು. ಅದೇ ಹೊತ್ತಿಗೆ ಅಲ್ಲಿಗೆ ಹೋಗಿದ್ದ ವೈದ್ಯರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಹಾಗಾಗಿ ಹಣವನ್ನು ಬರುವವರಿಗೆ ಸುರಿಯುವುದಕ್ಕಿಂತ, ಯಾರು ನಿಲ್ಲುತ್ತಾರೋ ಅವರಿಗೆ ಹಾಕಿ. ನಿಂತವರ ಮೇಲೆ ಹೊರೆ ಏರಿಸಬೇಡಿ. ಯುರೋಪಿನ 9 ದೇಶಗಳ ಆಸ್ಪತ್ರೆಗಳನ್ನು ನೋಡಿದ ಒಂದು ಅಧ್ಯಯನ 2014ರಲ್ಲಿ ಬಂತು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಲೆಕ್ಕಕ್ಕೆ ಒಬ್ಬರು ಸೇರಿದರೂ ಸಾಕು, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಜಾಸ್ತಿ ಇತ್ತು. ರಜೆ ಹಾಕಿದರೆ ಬದಲಿ ಯಾರೂ ಬರದ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಓದಿ ಆಶ್ಚರ್ಯ ಏನೂ ಆಗುವುದಿಲ್ಲ.

ಎಣಿಕೆಗಾರ ಉತ್ತರಿಸಿದ್ದು:

ರಾತ್ರಿಪಾಳಿ ಅವರ ಮಾತು ಒಪ್ಪುತ್ತೇನೆ, ಆದರೆ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಇಡಬೇಕು ಅನಿಸುತ್ತದೆ. ನಾನು ಆರೋಗ್ಯದ ಅಂಕಿಅಂಶದ ಕೆಲಸ ಮಾಡುವವನು, ಎಲ್ಲದರಲ್ಲೂ ಸೋರಿಕೆ ಹುಡುಕುವ ಚಟ.

1978ರಲ್ಲಿ ತನಹಾಶಿ ಅನ್ನುವವರು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಸರಳ ಚಿತ್ರ ಕೊಟ್ಟರು. ಒಂದು ಸೇವೆ ಜನರನ್ನು ಮುಟ್ಟುವುದಕ್ಕೆ ಐದು ಮೆಟ್ಟಿಲು. ಸೇವೆ ಇದೆಯಾ, ಅದು ಕೈಗೆ ಎಟುಕುತ್ತದಾ, ಜನರಿಗೆ ಒಪ್ಪಿಗೆ ಆಗುತ್ತದಾ, ನಿಜವಾಗಿ ಬಂದು ಬಳಸಿದರಾ, ಬಳಸಿದ ಮೇಲೆ ಗುಣ ಆಯಿತಾ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಜನ ಹಿಂದೆ ಬೀಳುತ್ತಾರೆ. ಅದೇ 1978ರಲ್ಲಿ ಈಗಿನ ಕಜಕಿಸ್ತಾನದ ಅಲ್ಮಾ ಆಟಾದಲ್ಲಿ ದೇಶಗಳೆಲ್ಲ ಕೂತು ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಅಂತ ಘೋಷಣೆ ಮಾಡಿದವು. ಘೋಷಣೆ ಎಲ್ಲರ ಬಾಯಲ್ಲೂ ಉಳಿಯಿತು, ಈ ಮೆಟ್ಟಿಲುಗಳ ಚಿತ್ರ ನಮ್ಮಂಥ ಕೆಲವರ ಡ್ರಾಯರಿನಲ್ಲಿ ಉಳಿಯಿತು.

ಈಗ ನಿಮ್ಮ ಮೂರು ಆಯ್ಕೆ ನೋಡಿ. ಕಟ್ಟಡ ಮೊದಲ ಎರಡು ಮೆಟ್ಟಿಲಿಗೆ. ಸಿಬ್ಬಂದಿ ಮೊದಲನೆಯದಕ್ಕೂ ಕೊನೆಯದಕ್ಕೂ. ರೋಗಿ ಕೇಂದ್ರಿತ ಕೆಲಸ ಮೂರರಿಂದ ಐದರವರೆಗೆ. ಯಾವುದಕ್ಕೆ ಹಣ ಅನ್ನುವುದು ಯಾವ ಮೆಟ್ಟಿಲಲ್ಲಿ ಜನ ಜಾಸ್ತಿ ಜಾರುತ್ತಿದ್ದಾರೆ ಅನ್ನುವುದರ ಮೇಲೆ ಹೋಗಬೇಕು. ನೀವು ಕೊಟ್ಟ ಸಮಸ್ಯೆಯಲ್ಲೇ ಸುಳಿವು ಇದೆ. ಬಿಪಿ, ಶುಗರ್‌ನವರು ಒಮ್ಮೆ ಬಂದಿದ್ದಾರೆ. ದೂರ ಇದ್ದರೂ ಬಂದಿದ್ದಾರೆ, ಅರ್ಧ ಹುದ್ದೆ ಖಾಲಿ ಇದ್ದರೂ ಯಾರೋ ಮಾತ್ರೆ ಬರೆದು ಕೊಟ್ಟಿದ್ದಾರೆ. ಅಂದರೆ ಸೋರುತ್ತಿರುವುದು ಮೇಲಿನ ಮೆಟ್ಟಿಲಲ್ಲಿ.

ಇದು ನಿಮ್ಮ ಕಾಲ್ಪನಿಕ ಪ್ರದೇಶದ ಕಥೆ ಮಾತ್ರ ಅಲ್ಲ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಆಯೋಗ ಒಂದು ಲೆಕ್ಕ ಹಾಕಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ ಸಾವು ವರ್ಷಕ್ಕೆ ಸುಮಾರು 86 ಲಕ್ಷ. ಅದರಲ್ಲಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರು 36 ಲಕ್ಷ. ಉಳಿದ 50 ಲಕ್ಷ ಜನ ಆಸ್ಪತ್ರೆಗೆ ಬಂದು, ಕಳಪೆ ಚಿಕಿತ್ಸೆ ಸಿಕ್ಕಿ ಸತ್ತವರು. ಒಳಗೆ ಬಂದು ಸತ್ತವರ ಸಂಖ್ಯೆ ಬರಲಾಗದೆ ಸತ್ತವರಿಗಿಂತ ದೊಡ್ಡದು. ಈ ಅಂಕಿ ಬಂದ ಮೇಲೂ ಬಜೆಟ್ ಭಾಷಣದಲ್ಲಿ ಕಟ್ಟಡದ ಸಂಖ್ಯೆಯನ್ನೇ ಓದುತ್ತಾರೆ. ಕಟ್ಟಡಕ್ಕೆ ಟೇಪು ಕತ್ತರಿಸಬಹುದು. ಹತ್ತು ಸಾವಿರ ಜನರ ಬಿಪಿ ಹತೋಟಿಗೆ ಬಂದರೆ ಕತ್ತರಿಸಲು ಏನೂ ಇರುವುದಿಲ್ಲ.

ನಿಮ್ಮ ಜೊತೆ ಓದುವವಳಿಗೆ ನನ್ನ ನಮಸ್ಕಾರ ತಿಳಿಸಿ.

ಮಾತ್ರೆಡಬ್ಬಿ ಉತ್ತರಿಸಿದ್ದು:

ನಾನು ನರ್ಸೂ ಅಲ್ಲ, ಅಂಕಿ ಲೆಕ್ಕದವಳೂ ಅಲ್ಲ. ನೀವೆಲ್ಲ ಮಾತಾಡುತ್ತಿರುವ ಆ "ಬಿಪಿ, ಶುಗರ್‌ನವರು" ನಾನು. ಎರಡೂ ಇದೆ. ನಡುವೆ ಬಹಳ ಕಾಲ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ, ನೀವು ಕೇಳುತ್ತಿದ್ದೀರಿ, ಹೇಳುತ್ತೇನೆ.

ಮಾತ್ರೆ ತರಬೇಕು ಅಂದರೆ ಒಂದು ದಿನದ ಕೆಲಸ ಬಿಡಬೇಕು. ಚೀಟಿ ಬರೆಸಲು ಒಂದು ಸಾಲು, ಬಿಪಿ ನೋಡಿಸಲು ಇನ್ನೊಂದು, ಡಾಕ್ಟರ ಮುಂದೆ ಮತ್ತೊಂದು, ಔಷಧಿ ಕೊಡುವ ಕಿಟಕಿ ಮುಂದೆ ಕೊನೆಯದು. ಆ ಕೊನೆಯ ಸಾಲು ಕರಗುವ ಹೊತ್ತಿಗೆ ಕಿಟಕಿ ಮುಚ್ಚುವ ಸಮಯ. ಡಾಕ್ಟರು ಮುಖ ನೋಡುವಷ್ಟರಲ್ಲಿ ಮುಂದಿನವರ ಹೆಸರು ಕೂಗಿರುತ್ತಾರೆ. ಅವರದ್ದೂ ತಪ್ಪಲ್ಲ, ಹೊರಗೆ ಅಷ್ಟು ಜನ ನಿಂತಿರುತ್ತಾರೆ. ಕೊಡುವುದು ಒಂದು ತಿಂಗಳಿಗೆ ಆಗುವಷ್ಟು ಮಾತ್ರೆ. ಮುಂದಿನ ತಿಂಗಳು ಮತ್ತೆ ಇದೇ. ಮೈಯಲ್ಲಿ ನೋವಿಲ್ಲ, ಸುಸ್ತಿಲ್ಲ, ಬಿಪಿ ಅನ್ನುವುದು ಸುಮ್ನೆ ಒಳಗೆ ಕೂತಿರುತ್ತದೆ. ಅದಕ್ಕೋಸ್ಕರ ಪ್ರತಿ ತಿಂಗಳು ಒಂದು ದಿನದ ಸಂಬಳ ಕಳೆದುಕೊಳ್ಳುವುದು ಬುದ್ಧಿವಂತಿಕೆ ಅಂತ ನನಗೆ ಯಾಕೆ ಅನಿಸಬೇಕು?

ಆಮೇಲೆ ಹೋದಾಗ ಮೊದಲು ಸಿಕ್ಕಿದ್ದು ಬೈಗುಳ. "ಇಷ್ಟು ದಿನ ಎಲ್ಲಿ ಹೋಗಿದ್ರಿ, ಸಾಯಬೇಕು ಅಂತ ಇದೀರಾ?" ಇಂಥ ಮಾತು ಕೇಳಿ ಮತ್ತೆ ಬಿಡುವವರು ಎಷ್ಟೋ ಜನ. ರಾತ್ರಿಪಾಳಿ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ, ಬೈದವರಿಗೂ ಅವತ್ತು ಎಷ್ಟು ಜನರನ್ನು ನೋಡಿ ತಲೆ ಕೆಟ್ಟಿತ್ತೋ.

ನನಗೆ ತಿರುಗಿ ಹೋಗುವ ಹಾಗೆ ಮಾಡಿದ್ದು ಎರಡೇ ಬದಲಾವಣೆ. ಬಿಪಿ ಹತೋಟಿಯಲ್ಲಿದ್ದರೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು ಶುರು ಮಾಡಿದರು. ಇನ್ನೊಂದು, ಅಲ್ಲಿನ ನರ್ಸ್ ಒಬ್ಬರು ಮಾತ್ರೆ ಕೊಟ್ಟ ಮೇಲೆ "ಈಗ ನೀವು ನನಗೆ ಹೇಳಿ, ಯಾವುದನ್ನು ಯಾವಾಗ ತೆಗೆದುಕೊಳ್ಳುತ್ತೀರಿ" ಅಂತ ನನ್ನಿಂದಲೇ ಹೇಳಿಸುತ್ತಿದ್ದರು. ಆಗ ಗೊತ್ತಾಯಿತು, ಅಲ್ಲಿಯವರೆಗೆ ತಲೆ ಆಡಿಸಿಕೊಂಡು ಬರುತ್ತಿದ್ದವರಲ್ಲಿ ಅರ್ಧ ಜನಕ್ಕೆ ಏನೂ ಅರ್ಥ ಆಗಿರಲಿಲ್ಲ ಅಂತ. ಇದಕ್ಕೆ ಹೊಸ ಕಟ್ಟಡ ಬೇಕಾಗಲಿಲ್ಲ. ಹೊಸ ಡಾಕ್ಟರೂ ಬರಲಿಲ್ಲ.

ಎಣಿಕೆಗಾರ ಉತ್ತರಿಸಿದ್ದು:

ಮಾತ್ರೆಡಬ್ಬಿ ಅವರೇ, ನೀವು ಹೇಳಿದ "ಮುಖ ನೋಡುವಷ್ಟರಲ್ಲಿ" ಅನ್ನುವುದಕ್ಕೂ ಅಳತೆ ಇದೆ. 67 ದೇಶಗಳಲ್ಲಿ ಪ್ರಾಥಮಿಕ ಹಂತದ ಡಾಕ್ಟರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ 2017ರಲ್ಲಿ ಒಟ್ಟು ಹಾಕಿದರು. ಸ್ವೀಡನ್‌ನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಜಗತ್ತಿನ ಅರ್ಧದಷ್ಟು ಜನ ಇರುವ 18 ದೇಶಗಳಲ್ಲಿ ಸರಾಸರಿ 5 ನಿಮಿಷ ಅಥವಾ ಅದಕ್ಕಿಂತ ಕಡಿಮೆ.

ಮೂರು ತಿಂಗಳ ಮಾತ್ರೆ ಅನ್ನುವುದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಎಚ್‌ಐವಿ ಚಿಕಿತ್ಸೆ. ಸ್ಥಿರವಾಗಿರುವ ರೋಗಿಗಳನ್ನು ತಿಂಗಳು ತಿಂಗಳು ಕರೆಸಬೇಡಿ, ಮೂರರಿಂದ ಆರು ತಿಂಗಳಿಗೊಮ್ಮೆ ಬಂದರೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ರೋಗಿಗೆ ದಿನ ಉಳಿಯಿತು, ಸರಿ. ಅದರ ಜೊತೆಗೆ ಸಾಲು ಚಿಕ್ಕದಾಯಿತು, ನಿಜವಾಗಿ ತೊಂದರೆಯಲ್ಲಿರುವವರಿಗೆ ಸಿಬ್ಬಂದಿಯ ಸಮಯ ಸಿಕ್ಕಿತು. ರೋಗಿ ಕೇಂದ್ರಿತ ಕೆಲಸ ಅಂದರೆ ಸಿಬ್ಬಂದಿಗೆ ಹೆಚ್ಚುವರಿ ಹೊರೆ ಅಂದುಕೊಳ್ಳುತ್ತಾರೆ. ಇಲ್ಲಿ ಹೊರೆ ಇಳಿಯಿತು. ಖಾಲಿ ಹುದ್ದೆ ಇರುವ ಕಡೆ ಮೊದಲು ಮಾಡಬೇಕಾದದ್ದೇ ಇದು. ಔಷಧಿ ದಾಸ್ತಾನು ಸರಿಯಾಗಿ ಇರಬೇಕು, ಅದೊಂದು ಷರತ್ತು. ಗೋದಾಮಿನಲ್ಲಿ ಒಂದು ತಿಂಗಳಿಗೂ ಸಾಲದಷ್ಟು ಇಟ್ಟುಕೊಂಡು ಮೂರು ತಿಂಗಳಿಗೆ ಕೊಡುತ್ತೇವೆ ಅನ್ನಲು ಆಗುವುದಿಲ್ಲ.

ಮೊಂಡುವಾದಿ ಉತ್ತರಿಸಿದ್ದು:

ಎಲ್ಲರೂ ಚೆಂದ ಚೆಂದ ಮಾತಾಡುತ್ತಿದ್ದೀರಿ, ಸ್ವಲ್ಪ ಹುಳಿ ಹಿಂಡುತ್ತೇನೆ.

"ಡಾಕ್ಟರ್ ಬದಲು ಬೇರೆಯವರು ಮಾಡಬಹುದು", ಅದರ ಹಿಂದೆಯೇ ಬರುವ ಮಾತು "ಮನೆ ಮನೆಗೆ ಹೋಗಿ ರೋಗಿಯನ್ನು ವಿಚಾರಿಸಿಕೊಳ್ಳಬೇಕು". ಕೇಳಲು ಹಿತ. ಮಾಡುವವರು ಯಾರು? ಹೆಚ್ಚಿನ ದೇಶಗಳಲ್ಲಿ ಅದೇ ಉತ್ತರ, ಹೆಂಗಸರು, ಅದರಲ್ಲೂ ಅರ್ಧ ಸಂಬಳಕ್ಕೋ ಗೌರವಧನಕ್ಕೋ ದುಡಿಯುವವರು. ಜಗತ್ತಿನ ಆರೋಗ್ಯ ಮತ್ತು ಆರೈಕೆ ಕೆಲಸಗಾರರಲ್ಲಿ ಸುಮಾರು ಶೇ. 70 ಮಹಿಳೆಯರು, ಮೇಲಿನ ಕುರ್ಚಿಗಳಲ್ಲಿ ಅವರು ಶೇ. 25 ಮಾತ್ರ ಅಂತ 2019ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯೇ ಹೇಳಿದೆ. ನೀತಿ ಬರೆಯುವವರಿಗೆ ದುಡ್ಡು ಕಡಿಮೆ ಬಿದ್ದಾಗಲೆಲ್ಲ "ಸಮುದಾಯದ ಸಹಭಾಗಿತ್ವ" ನೆನಪಾಗುತ್ತದೆ. ಲಸಿಕೆ ಅವರಿಗೆ, ಗರ್ಭಿಣಿ ಅವರಿಗೆ, ಟಿಬಿ ಅವರಿಗೆ, ಸಮೀಕ್ಷೆ ಅವರಿಗೆ, ಈಗ ಬಿಪಿನೂ ಅವರಿಗೆ. ಆ್ಯಪ್‌ನಲ್ಲಿ ತುಂಬುವುದು ಬೇರೆ.

ಸರಿಯಾಗಿ ಮಾಡಿದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಇಥಿಯೋಪಿಯಾ 2003ರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ಯುವತಿಯರಿಗೆ ಒಂದು ವರ್ಷ ತರಬೇತಿ ಕೊಟ್ಟು ಸರ್ಕಾರಿ ಸಂಬಳಕ್ಕೆ ತೆಗೆದುಕೊಂಡರು, 30,000ಕ್ಕೂ ಹೆಚ್ಚು ಜನ. ಬ್ರೆಜಿಲ್ 1994ರಿಂದ ಕುಟುಂಬ ಆರೋಗ್ಯ ತಂಡಗಳನ್ನು ಮಾಡಿತು. ಒಬ್ಬ ವೈದ್ಯರು, ಒಬ್ಬ ನರ್ಸ್, ಸಹಾಯಕರು, ಜೊತೆಗೆ ಸಮುದಾಯ ಕಾರ್ಯಕರ್ತರು. ಒಬ್ಬ ಕಾರ್ಯಕರ್ತೆಗೆ ಹೆಚ್ಚೆಂದರೆ 750 ಜನ ಅಂತ ಮಿತಿ ಇಟ್ಟರು, ಕಾಯಿಲೆ ಇರಲಿ ಬಿಡಲಿ ಪ್ರತಿ ಮನೆಗೂ ತಿಂಗಳಿಗೊಮ್ಮೆ ಹೋಗಬೇಕು ಅಂತ ಮಾಡಿದರು. ಅವರ ಹಿಂದೆ ತಂಡ ಇದೆ, ಅದು ಮುಖ್ಯ. ಕಾರ್ಯಕರ್ತೆ ಒಬ್ಬಳನ್ನೇ ಬೀದಿಗೆ ಬಿಟ್ಟು, ಅವಳು ಕಳಿಸಿದ ರೋಗಿಯನ್ನು ಆಸ್ಪತ್ರೆಯಲ್ಲಿ ಯಾರೂ ನೋಡದಿದ್ದರೆ ಎರಡನೇ ಸಲ ಅವಳ ಮಾತು ಯಾರು ಕೇಳುತ್ತಾರೆ?

2018ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಿಡಿಸಿಯೇ ಹೇಳಿದೆ. ಕೆಲಸಕ್ಕೆ ತಕ್ಕ ಸಂಬಳ ಕೊಡಿ, ಕರಾರು ಬರೆದು ಕೊಡಿ, ಇಷ್ಟು ಕೇಸಿಗೆ ಇಷ್ಟು ಅನ್ನುವ ಪ್ರೋತ್ಸಾಹಧನವನ್ನೇ ಸಂಬಳ ಅನ್ನಬೇಡಿ. ಹೊಸಹೆಜ್ಜೆ, ನಿಮ್ಮ ಐದು ವರ್ಷದ ಬಜೆಟ್‌ನಲ್ಲಿ ಮೊದಲು ಈ ಸಾಲು ಬರೆಯಿರಿ. ಆಮೇಲೆ ರೋಗಿ ಕೇಂದ್ರಿತ ಅನ್ನಿ, ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಹೊಸಹೆಜ್ಜೆ ಬರೆದದ್ದು:

ಇಷ್ಟೊಂದು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಈಗ ನನಗೆ ಕಾಣುತ್ತಿರುವುದು ಇದು. ಕಟ್ಟಡ ಪಕ್ಕಕ್ಕಿಡಬಹುದು. ಸಿಬ್ಬಂದಿ ಮತ್ತು ರೋಗಿ ಅಂತ ಎರಡು ಬೇರೆ ಡಬ್ಬ ಮಾಡಿದ್ದೇ ಈ ಸಮಸ್ಯೆಯ ತೊಡಕು. ಆದರೆ ಮೇಷ್ಟ್ರು ಬಿಡುವುದಿಲ್ಲ. ರೋಗಿಗೆ ಅನುಕೂಲ ಮಾಡಿಕೊಟ್ಟರೆ ರೋಗಿ ಖುಷಿ ಆಗಬಹುದು, ಬಿಪಿ ಇಳಿಯುತ್ತದಾ ಅಂತ ಕೇಳುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಏನಾದರೂ ಇದೆಯಾ? ಇನ್ನೊಂದು, ತಜ್ಞರು ಬೇಕೇ ಬೇಕಾದ ಕಾಯಿಲೆಗೆ ದೂರದ ಕಡೆ ಏನು ಮಾಡಬೇಕು?

ಎಣಿಕೆಗಾರ ಉತ್ತರಿಸಿದ್ದು:

ಇದೆ, ನನಗೆ ತುಂಬಾ ಇಷ್ಟವಾದದ್ದು. ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಸಮುದಾಯದ ಗಂಡಸರಲ್ಲಿ ಬಿಪಿ ಜಾಸ್ತಿ, ಆಸ್ಪತ್ರೆಗೆ ಬರುವುದು ಕಡಿಮೆ. ಆದರೆ ಕ್ಷೌರದ ಅಂಗಡಿಗೆ ತಪ್ಪದೆ ಹೋಗುತ್ತಾರೆ, ಅದೂ ವರ್ಷಗಟ್ಟಲೆ ಒಂದೇ ಅಂಗಡಿಗೆ. ಸಂಶೋಧಕರು 52 ಅಂಗಡಿಗಳನ್ನು ಆರಿಸಿಕೊಂಡರು. ಅರ್ಧದಷ್ಟು ಕಡೆ ಕ್ಷೌರಿಕರು ಬಿಪಿ ಬಗ್ಗೆ ಹೇಳಿ ಡಾಕ್ಟರ ಹತ್ತಿರ ಹೋಗಿ ಅಂತ ಕಳಿಸಿದರು. ಉಳಿದ ಕಡೆ ಫಾರ್ಮಸಿಸ್ಟರೇ ಅಂಗಡಿಗೆ ಬಂದು, ವೈದ್ಯರ ಜೊತೆ ಮಾಡಿಕೊಂಡ ಒಪ್ಪಂದದ ಮೇಲೆ ಅಲ್ಲೇ ಔಷಧಿ ಬರೆದು ಕೊಟ್ಟು, ಮತ್ತೆ ಮತ್ತೆ ಅಳೆದರು. ಆರು ತಿಂಗಳಿಗೆ ಮೇಲಿನ ಬಿಪಿ ಮೊದಲ ಗುಂಪಿನಲ್ಲಿ ಸರಾಸರಿ 9.3 ಇಳಿದಿತ್ತು, ಎರಡನೇ ಗುಂಪಿನಲ್ಲಿ 27. ಇದು 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೇಷ್ಟ್ರಿಗೆ ತೋರಿಸಿ.

ಎರಡೂ ಗುಂಪಿನವರಿಗೆ ಅರಿವು ಮೂಡಿಸಿದ್ದರು ಅನ್ನುವುದನ್ನು ಗಮನಿಸಿ. "ಜನರಿಗೆ ಜಾಗೃತಿ ಇಲ್ಲ" ಅಂತ ನಾವು ಪದೇ ಪದೇ ಹೇಳುತ್ತೇವಲ್ಲ, ಇಲ್ಲಿ ದೊಡ್ಡ ವ್ಯತ್ಯಾಸ ತಂದದ್ದು ಜಾಗೃತಿ ಅಲ್ಲ. ಔಷಧಿ ಬರೆಯುವ ಅಧಿಕಾರ ಇರುವ ಒಬ್ಬರು ರೋಗಿ ಕೂತಿರುವ ಕಡೆಗೇ ಬಂದದ್ದು. ಹಾಗಂತ ನೀವು ಕ್ಷೌರದ ಅಂಗಡಿಯನ್ನೇ ನಕಲು ಮಾಡಬೇಕಿಲ್ಲ, ನಿಮ್ಮ ಜನ ಎಲ್ಲಿ ತಪ್ಪದೆ ಸೇರುತ್ತಾರೋ ಅದನ್ನು ಹುಡುಕಿ.

ತಜ್ಞರ ಪ್ರಶ್ನೆಗೆ ಎಕೋ ಅನ್ನುವ ಯೋಜನೆ ನೋಡಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಅನ್ನುವ ವೈದ್ಯರು 2003ರಲ್ಲಿ ಶುರು ಮಾಡಿದ್ದು. ಹೆಪಟೈಟಿಸ್ ಸಿ ರೋಗಿಗಳು ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಿತ್ತು. ರೋಗಿಯನ್ನು ಕರೆಸುವ ಬದಲು ಹಳ್ಳಿ ಕಡೆಯ ಡಾಕ್ಟರುಗಳನ್ನು ವಿಡಿಯೋದಲ್ಲಿ ಸೇರಿಸಿ, ಅವರವರ ರೋಗಿಗಳ ಬಗ್ಗೆ ಒಟ್ಟಿಗೆ ಚರ್ಚಿಸಿ ಕಲಿಸಿದರು. 2011ರಲ್ಲಿ ಫಲಿತಾಂಶ ಹೋಲಿಸಿದಾಗ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗುಣವಾದವರು ಶೇ. 57.5, ದೂರದ ಕೇಂದ್ರಗಳಲ್ಲಿ ಶೇ. 58.2. ರಾತ್ರಿಪಾಳಿ ಅವರು ಹೇಳಿದ "ಕೇಳಲು ಒಬ್ಬ ಹಿರಿಯರೂ ಇಲ್ಲ" ಅನ್ನುವ ಕಷ್ಟಕ್ಕೂ ಇದು ಔಷಧಿಯೇ.

ರಾತ್ರಿಪಾಳಿ ಉತ್ತರಿಸಿದ್ದು:

ಮಾತ್ರೆಡಬ್ಬಿ ಅವರೇ, ಬೇಜಾರೇನಿಲ್ಲ. ಬೈಯುವುದು ತಪ್ಪು, ಅದಕ್ಕೆ ಸುಸ್ತು ಕಾರಣ ಆಗಬಹುದು, ಸಮರ್ಥನೆ ಆಗುವುದಿಲ್ಲ.

ಹೊಸಹೆಜ್ಜೆ, ನಿಮ್ಮ ಉತ್ತರದಲ್ಲಿ ಮೊದಲ ವರ್ಷದ ಕೆಲಸ ಅಂತ ಒಂದು ಭಾಗ ಇದ್ದರೆ ನನ್ನದೊಂದು ಸಲಹೆ. ಹೊಸದಾಗಿ ಏನೂ ಶುರು ಮಾಡುವ ಮೊದಲು ಹಳೆಯ ರಿಜಿಸ್ಟರ್ ತೆಗೆಸಿ. ಒಮ್ಮೆ ಬಂದು ಬಿಟ್ಟುಹೋದವರ ಪಟ್ಟಿ ಅದರಲ್ಲೇ ಇರುತ್ತದೆ. ಈ ಕೆಲಸವನ್ನು ಬಹಳ ಹಿಂದೆಯೇ ಮಾಡಿದವರಿದ್ದಾರೆ. ವೇಲ್ಸ್‌ನ ಗಣಿ ಕಾರ್ಮಿಕರ ಊರೊಂದರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನುವ ಡಾಕ್ಟರ್ ಇದ್ದರು. ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ 1971ರಲ್ಲಿ ಬರೆದು ಹೆಸರಾದವರು. ಅವರು ಬರೆದದ್ದಕ್ಕಿಂತ ಮಾಡಿದ್ದು ನನಗೆ ದೊಡ್ಡದು. ಊರಿನ ದೊಡ್ಡವರೆಲ್ಲರ ಬಿಪಿ ಅಳೆದರು, ಬಾರದವರ ಬೆನ್ನು ಬಿಡಲಿಲ್ಲ, ನರ್ಸುಗಳ ಜೊತೆ ಸೇರಿ ದಾಖಲೆ ಇಟ್ಟು 25 ವರ್ಷ ಅದನ್ನೇ ಮಾಡಿದರು. ಕೊನೆಗೆ ಅಂಥದೇ ಪಕ್ಕದ ಊರಿಗೆ ಹೋಲಿಸಿದರೆ ಇವರ ಊರಲ್ಲಿ ಅಕಾಲದಲ್ಲಿ ಸಾಯುವವರು ಕಡಿಮೆ ಇದ್ದರು.

ಪಟ್ಟಿ ಹಿಡಿದು ಫೋನ್ ಮಾಡಿಸಿ, ಯಾಕೆ ಬರುತ್ತಿಲ್ಲ ಅಂತ ಕೇಳಿಸಿ. ಕೇಳುವವರಿಗೆ ಅದಕ್ಕಂತಲೇ ಡ್ಯೂಟಿ ಸಮಯ ಕೊಡಿ, ಇರುವ ಪಾಳಿಯ ಮೇಲೆ ಹೇರಬೇಡಿ, ಇಲ್ಲದಿದ್ದರೆ ಮೊಂಡುವಾದಿ ಬಂದು ನಮ್ಮಿಬ್ಬರನ್ನೂ ಬೈಯುತ್ತಾರೆ.

ಮೊಂಡುವಾದಿ ಉತ್ತರಿಸಿದ್ದು:

ಬೈಯುತ್ತೇನೆ. ಫೋನ್ ಬಿಲ್ಲೂ ಬಜೆಟ್‌ನಲ್ಲಿ ಇರಲಿ, ಅವರ ಸ್ವಂತ ಮೊಬೈಲ್‌ನಿಂದ ಮಾಡಿಸಬೇಡಿ.

ಮಾತ್ರೆಡಬ್ಬಿ ಉತ್ತರಿಸಿದ್ದು:

ಫೋನ್ ಸಂಜೆ ಮೇಲೆ ಮಾಡಿಸಿ. ಹಗಲು ಹೊತ್ತು ಮಾಡಿದರೆ ನಮ್ಮಂಥವರು ಕೆಲಸದಲ್ಲಿ ಇರುತ್ತೇವೆ, ಎತ್ತುವುದಿಲ್ಲ. ಆಮೇಲೆ ನೀವು "ರೋಗಿ ಸ್ಪಂದಿಸಲಿಲ್ಲ" ಅಂತ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತೀರಿ.